ಬೆಳಕಿಗೆ ಪಟ್ಟಿ ಹಚ್ಚಿದ ಅಕ್ಕಾರು

ಹೋದ ವಾರ ಕಣ್ಣಿನ ಆಸ್ಪತ್ರೆಯ ಮ್ಯಾನೇಜರ್ ಸಾಹೇಬರು ಫೋನ್ ಮಾಡಿದರು.

"ಏನೋ ತಮ್ಮಾ, ನಮ್ಮ ಅಕ್ಕಾರ ಬೀಳ್ಕೊಡುಗಿ ಫೋಟೋ ಡ್ರಾಪ್ಸ್ ಖೋಲ್ಯಾಗಿನ ಟ್ಯಾಬ್ ಮ್ಯಾಲ ಯಾಕ ಸಪ್ಪಗ ಕಾಣಾಕತ್ತೈತಿ? ನನ್ನ ಫೋನ್‌ನ್ಯಾಗ ನೋಡಿದ್ರ ಮಾರಿ ಹೆಂಗ ಝಗ್ ಅಂತೈತಿ. ನೀ ಹಾಕಿದ ಮ್ಯಾಲ ರೇಷನ್ ಕಾರ್ಡಿನ ಫೋಟೋ ಆಗೈತಿ ನೋಡು. ಬ್ರೈಟ್ ಮಾಡು."

"ನೋಡ್ತೀನ್ರಿ ಸರ್," ಎಂದೆ. ವೆಬ್‌ಸೈಟ್ ಕಟ್ಟುವ ನಮ್ಮ ಕಸುಬಿನಲ್ಲಿ ಯಾರಾದರೂ 'ನೋಡ್ತೀನ್ರಿ' ಎಂದರೆ ಆ ಕೆಲಸದ ಆಸೆ ಬಿಟ್ಟುಬಿಡಬೇಕು.

ಸೋಮಾರಿತನ ನನಗಿಲ್ಲ ಎನ್ನುವುದಿಲ್ಲ. ಅದು ನಮ್ಮ ಮನೆತನದ ಆಸ್ತಿ. ಆದರೆ ಈ ಸಲ ಕಾರಣ ಅದಲ್ಲ. ಆ ಫೋಟೋ ಬ್ರೈಟ್ ಆಗಬಾರದು ಎನ್ನುವುದಕ್ಕೆ ಕಾರಣ ಫೋಟೋದಲ್ಲಿರುವ ಅಕ್ಕಾರೇ.

ವಿದ್ಯಾನಗರದ ಆ ಆಸ್ಪತ್ರೆಯಲ್ಲಿ ಅಕ್ಕಾರು ನಾನು ಹುಟ್ಟುವುದಕ್ಕಿಂತ ಮುಂಚಿನಿಂದ ಜನರ ಕಣ್ಣಿಗೆ ಹನಿ ಹಾಕುತ್ತಿದ್ದರು. ಡಾಕ್ಟರರಿಂದ ಹಿಡಿದು ನೆಲ ಒರೆಸುವವರವರೆಗೆ ಎಲ್ಲರೂ ಅವರನ್ನು ಅಕ್ಕಾರು ಎಂದೇ ಕರೆಯುತ್ತಿದ್ದರು. ಅವರಿಗೂ ಒಂದು ಹೆಸರಿದೆ ಎಂದು ನನಗೆ ತಿಳಿದದ್ದು ಹೋದ ತಿಂಗಳು, ನಿವೃತ್ತಿಯ ಕಾರ್ಡಿನಲ್ಲಿ. ಓದಿದಾಗ ಬೇರೆ ಯಾರಿಗೋ ಬೀಳ್ಕೊಡುಗೆ ನಡೆದಿದೆ ಅನ್ನಿಸಿತು.

ಅವರ ಖೋಲಿ ನೆಲಮಹಡಿಯ ಕೊನೆಗಿತ್ತು. ಕಿಟಕಿಗೆ ದಪ್ಪ ನೀಲಿ ಚಾದರ, ಎರಡು ಸಾಲು ಕುರ್ಚಿ, ಮೂಲೆಯಲ್ಲಿ ಔಷಧದ ಸಣ್ಣ ಫ್ರಿಜ್. ಕಣ್ಣಿನ ಹಿಂಭಾಗ ನೋಡಬೇಕಾದರೆ ಡಾಕ್ಟರು ಮೊದಲು ಪಾಪೆ ಅಗಲ ಮಾಡಿಸುತ್ತಾರೆ. ಅದಕ್ಕೆ ಅಕ್ಕಾರು ಹನಿ ಹಾಕಬೇಕು, ರೋಗಿ ಅರ್ಧ ಮುಕ್ಕಾಲು ತಾಸು ಆ ಮಬ್ಬುಗತ್ತಲೆಯಲ್ಲಿ ಕೂರಬೇಕು.

"ಉರಿತೈತೇನ್ರಿ?" ಎಂದು ಎಲ್ಲರೂ ಕೇಳುತ್ತಿದ್ದರು.

"ಉರಿತೈತಿ. ಮೂರು ಎಣಿಸೂದ್ರಾಗ ಹೋಗತೈತಿ," ಎನ್ನುತ್ತಿದ್ದರು ಅಕ್ಕಾರು. ಉರಿಯುವುದಿಲ್ಲ ಎಂದು ಚಿಕ್ಕ ಮಕ್ಕಳಿಗೂ ಹೇಳಿದವರಲ್ಲ. ಕಿರುಬೆರಳಿನಿಂದ ಕೆಳರೆಪ್ಪೆ ಜಗ್ಗಿ, "ಒಂದು" ಎಂದು ಎಣಿಸಲು ಶುರು ಮಾಡುವರು. "ಎರಡು" ಎನ್ನುವಷ್ಟರಲ್ಲಿ ಹನಿ ಬಿದ್ದಿರುತ್ತಿತ್ತು. ಮೂರನ್ನು ರೋಗಿಯೇ ಎಣಿಸಿಕೊಳ್ಳಬೇಕು.

ಏಪ್ರನ್ನಿನ ಜೇಬಿನಲ್ಲಿ ಯಾವಾಗಲೂ ಗಾಯಕ್ಕೆ ಹಚ್ಚುವ ಅಂಟುಪಟ್ಟಿಯ ಒಂದು ಸುರುಳಿ ಇರುತ್ತಿತ್ತು. ಗಾಯಕ್ಕೆ ಅವರು ಅದನ್ನು ಹಚ್ಚಿದ್ದನ್ನು ನಾನು ಕಂಡಿಲ್ಲ. ಬೆಳಕಿಗೆ ಹಚ್ಚುತ್ತಿದ್ದರು. ಫ್ರಿಜ್ಜಿನ ಹಸಿರು ದೀಪಕ್ಕೆ ಪಟ್ಟಿ, ಸ್ಟೆಬಿಲೈಸರಿನ ಕೆಂಪು ದೀಪಕ್ಕೆ ಪಟ್ಟಿ. ಟ್ಯೂಬ್‌ಲೈಟಿನ ಸ್ವಿಚ್ಚನ್ನು ಯಾರೂ ಒತ್ತಬಾರದೆಂದು ಅದಕ್ಕೆ ಅಡ್ಡ ಎರಡು ಪಟ್ಟಿ. ಅವರದೇ ಬಟನ್ ಫೋನಿನ ಟಾರ್ಚು ಒಮ್ಮೆ ಜೇಬಿನೊಳಗೆ ತಾನೇ ಹೊತ್ತಿಕೊಂಡಿತ್ತಂತೆ. ಅಂದಿನಿಂದ ಅದೂ ಪಟ್ಟಿಯೊಳಗೆ. ಒಬ್ಬ ವಕೀಲರ ಕೈಗಡಿಯಾರ ಅವರು ಕೈ ಎತ್ತಿದಾಗಲೆಲ್ಲ ಬೆಳಗುತ್ತಿತ್ತು. ಅಕ್ಕಾರು ಹೇಳದೆ ಕೇಳದೆ ಹೋಗಿ ಪಟ್ಟಿ ಹಚ್ಚಿದರು. ವಕೀಲರು ವಾದಿಸಲಿಲ್ಲ. ಹನಿ ಹಾಕಿಸಿಕೊಂಡವರು ವಾದಿಸುವುದು ಕಡಿಮೆ, ಎದುರಿಗೆ ಯಾರಿದ್ದಾರೆಂದೇ ಸರಿಯಾಗಿ ಕಾಣುವುದಿಲ್ಲವಲ್ಲ.

"ಅವರ ಕಣ್ಣಿನ ಬಾಗಲಾ ನಾ ತಗದ ಇಟ್ಟೇನಿ," ಎನ್ನುತ್ತಿದ್ದರು. "ಬಾಗಲಾ ತಗದ ಮನ್ಯಾಗ ಯಾರರ ಲಾರಿ ಹೆಡ್‌ಲೈಟ್ ಬಿಡ್ತಾರೇನು?"

ಆ ಹೆಡ್‌ಲೈಟ್ ಬಿಟ್ಟವನು ನಾನು.

ಗೋಪನಕೊಪ್ಪದಲ್ಲಿ ನಮ್ಮ ಮನೆಯ ಮಾಳಿಗೆಯ ಮೇಲೆ ನನ್ನ ಕಂಪನಿ ಇದೆ. ವೆಬ್‌ಸೈಟ್ ಮಾಡಿಕೊಡುತ್ತೇವೆ. 'ಮಾಡಿಕೊಡುತ್ತೇವೆ' ಎನ್ನುವುದು ಬೋರ್ಡಿನ ಮೇಲಿನ ಮಾತು. ಒಳಗೆ ಅಧ್ಯಕ್ಷ, ಇಂಜಿನಿಯರ್, ಜವಾನ ಮೂರೂ ನಾನೇ. ಮೂವರಲ್ಲಿ ಜವಾನನ ಕೆಲಸದ ಬಗ್ಗೆ ಮಾತ್ರ ಇದುವರೆಗೆ ದೂರು ಬಂದಿಲ್ಲ.

ಆಸ್ಪತ್ರೆಯ ವೆಬ್‌ಸೈಟ್ ನನಗೆ ಸಿಕ್ಕ ಮೊದಲ ದೊಡ್ಡ ಕೆಲಸ. ಅದರಲ್ಲಿ ಪಾಳಿಯ ಪುಟ ಒಂದಿತ್ತು. ಈಗ ಎಷ್ಟನೇ ನಂಬರಿನ ರೋಗಿ ಒಳಗೆ ಹೋಗಬೇಕು ಎಂದು ದೊಡ್ಡದಾಗಿ ತೋರಿಸುವುದು ಅದರ ಕೆಲಸ. ಅಕ್ಕಾರ ಖೋಲಿಯ ಗೋಡೆಗೆ ಒಂದು ಹೊಸ ಟ್ಯಾಬ್ ಬಡಿದು ಅದರಲ್ಲಿ ಈ ಪುಟ ತೆರೆದಿಟ್ಟಿದ್ದರು. ಬರೀ ನಂಬರ್ ಇದ್ದರೆ ನನ್ನ ಪ್ರತಿಭೆ ಯಾರಿಗೆ ಕಾಣಬೇಕು? ಸೋದರಮಾವನ ಮಗನ ಹೊಸ ಫೋನು ಇಸಿದುಕೊಂಡು ಬೆಳಿಗ್ಗೆ ಆಸ್ಪತ್ರೆಯ ಎದುರು ನಿಂತೆ. ಗಾಜಿನ ಗೋಡೆಯ ಮೇಲೆ ಸೂರ್ಯ ಮೂಡುವ ವಿಡಿಯೋ ತೆಗೆದೆ. ಪಾಳಿಯ ನಂಬರಿನ ಮೇಲ್ಗಡೆ ಅದು ಸುತ್ತಿ ಸುತ್ತಿ ಓಡುವಂತೆ ಹಾಕಿದೆ. ಮ್ಯಾನೇಜರ್ ಸಾಹೇಬರು ನೋಡಿ, "ಏ ಫಸ್ಟ್ ಕ್ಲಾಸ್!" ಎಂದರು. ನಾನು ಅಂದು ಎರಡು ಪ್ಲೇಟ್ ಗಿರ್ಮಿಟ್ ತಿಂದೆ.

ಮಾರನೆಯ ದಿನ ಅಕ್ಕಾರ ಫೋನು.

"ತಮ್ಮಾ, ನಿನ್ನ ಸೂರ್ಯ ನನ್ನ ಪೇಶಂಟ್‌ಗೋಳ ಕಣ್ಣಾಗ ಹೊಂಟಾನ."

"ಬ್ರೈಟ್‌ನೆಸ್ ಕಡಿಮಿ ಮಾಡ್ರಿ ಅಕ್ಕಾರ."

"ಮಾಡೀನಿ. ಅಕ್ಷರ ಮಬ್ಬಾದ್ವು. ಸೂರ್ಯ ಹಂಗ ಅದಾನ. ನಾ ಕಡಿಮಿ ಮಾಡಿದಷ್ಟು ಅಂವಾ ಜಾಸ್ತಿ ಉರಿತಾನ."

"ಹಂಗ ಆಗೂದಿಲ್ರಿ. ಕಡಿಮಿ ಮಾಡಿದ್ರ ಎಲ್ಲಾ ಕಡಿಮಿ ಆಗತೈತ್ರಿ. ನನ್ನ ಲ್ಯಾಪ್‌ಟಾಪ್‌ನ್ಯಾಗ ಛಲೋ ಕಾಣಾಕತ್ತೈತ್ರಿ."

"ನಿನ್ನ ಲ್ಯಾಪ್‌ಟಾಪ್ ಮುಂದ ಡ್ರಾಪ್ಸ್ ಹಾಕ್ಕೊಂಡು ಯಾರ ಕುಂತಾರ?"

ನಾನು ನಕ್ಕು ಫೋನ್ ಇಟ್ಟೆ. ನನ್ನ ಲ್ಯಾಪ್‌ಟಾಪ್ ಎಷ್ಟು ಹಳೆಯದೆಂದರೆ ಅದರ ಪರದೆಯಲ್ಲಿ ಸೂರ್ಯ ಕೂಡ ಗೋಧಿ ಹಿಟ್ಟಿನ ಉಂಡೆಯಂತೆ ಕಾಣುತ್ತಿದ್ದ. ಅಕ್ಕಾರಿಗೆ ಟ್ಯಾಬ್ ಬಳಸಲು ಬರುವುದಿಲ್ಲ ಎಂದು ನಾನು ತೀರ್ಪು ಕೊಟ್ಟೆ. ಮೇಲ್ಮನವಿಗೆ ಅವಕಾಶ ಇಟ್ಟಿರಲಿಲ್ಲ.

ಅದೇ ವಾರ ಗರಗದಿಂದ ಒಬ್ಬ ಅವ್ವ ಬಂದಳು. ಆಯುಷ್ಯವೆಲ್ಲ ಖಾದಿ ನೂಲು ತೆಗೆದವಳು. ಸಕ್ಕರೆ ಕಾಯಿಲೆ ಬಂದು ಬಹಳ ವರ್ಷವಾಗಿತ್ತು. ಕಣ್ಣು ತೋರಿಸು ಎಂದು ಸೊಸೆ ತಿಂಗಳುಗಟ್ಟಲೆ ಬೆನ್ನು ಹತ್ತಿ ಕರೆತಂದಿದ್ದಳು. ಅಕ್ಕಾರು ಹನಿ ಹಾಕಿ ಟ್ಯಾಬ್ ಎದುರಿನ ಕುರ್ಚಿಯಲ್ಲಿ ಕೂರಿಸಿದ್ದಾರೆ. ಪಾಪೆ ಅಗಲವಾಗಿದೆ. ನನ್ನ ಸೂರ್ಯ ಗಾಜಿನ ಮೇಲೆ ಬಂದಿದ್ದಾನೆ.

"ಕಣ್ಣ ಹೋದ್ವು! ಹನಿ ಹಾಕಿ ನನ್ನ ಕಣ್ಣ ಕಳದ್ರು!" ಎಂದು ಅವ್ವ ಸೆರಗಿನಿಂದ ಮುಖ ಮುಚ್ಚಿಕೊಂಡು ಎದ್ದಳಂತೆ. ಅಕ್ಕಾರು ಕೈ ಹಿಡಿಯಲು ಹೋದರೆ ಕೊಡವಿಕೊಂಡಳು. ಗೋಡೆ ತಡವುತ್ತ ಹೊರಗೆ ಹೋದವಳು ಸೊಸೆಯೊಂದಿಗೆ ಆಟೋ ಹತ್ತಿ ಹೊರಟೇಹೋದಳು. ಡಾಕ್ಟರು ಆಕೆಯ ಕಣ್ಣು ನೋಡಲೇ ಇಲ್ಲ.

ನಾನು ಹೋದಾಗ ಅಕ್ಕಾರು ಬೈಯುತ್ತಾರೆಂದು ತಯಾರಾಗಿದ್ದೆ. ಬೈಯಲಿಲ್ಲ. ಹನಿಯ ಬಾಟಲಿಗಳ ಟ್ರೇ ಎತ್ತಿ ಅದರ ಕೆಳಗಿದ್ದ ಗರಗದ ಅವ್ವನ ಕೇಸ್‌ಪೇಪರ್ ತೋರಿಸಿದರು.

"ಇದು ಅವತ್ತ ಒಳಗ ಹೋಗಬೇಕಾಗಿತ್ತು," ಎಂದರು. "ಸಕ್ಕರಿ ಬ್ಯಾನಿ ಕಣ್ಣಿನ ಹಿಂದಿನ ಪರದೆ ತಿಂತೈತಿ. ನೋವಿಲ್ಲ, ಉರಿ ಇಲ್ಲ. ಆಕಿಗೆ ತಾನ ಗೊತ್ತಾಗೂದ್ರಾಗ ಹೊತ್ತ ಮೀರಿರತೈತಿ. ಆಕಿ ಬರೂಮಟಾ ಇದು ಇಲ್ಲೇ ಇರ್ಲಿ."

ಪ್ರತಿ ಸಲ ಬಾಟಲಿ ತೆಗೆಯುವಾಗಲೂ ಅದು ಕಾಣುವಂತೆ ಅರ್ಧ ಹೊರಗೆ ಬಿಟ್ಟು ಟ್ರೇ ಇಟ್ಟರು.

"ಆ ಚಿತ್ರ ತಗದಬಿಡಲ್ಲ?" ಎಂದರು ಆಮೇಲೆ.

"ಮ್ಯಾನೇಜರ್ ಸಾಹೇಬ್ರಿಗೆ ಅದ ಬೇಕ್ರಿ ಅಕ್ಕಾರ," ಎಂದೆ. ನನಗೂ ಬೇಕಾಗಿತ್ತು ಎನ್ನುವುದನ್ನು ಹೇಳಲಿಲ್ಲ.

ಮೊದಲು ಪುಟದ ತುಂಬ ತೆಳುವಾದ ಕಪ್ಪು ಪದರ ಎಳೆದೆ. ಕಪ್ಪಿನಲ್ಲಿ ನಂಬರ್ ಮುಳುಗಿ ಸತ್ತಿತು, ಸೂರ್ಯ ಈಜಿ ಮೇಲೆ ಬಂದ. ಪದರ ತೆಗೆದೆ. ಎರಡು ದಿನ ಬಿಟ್ಟು ಹೋಗಿ ನೋಡಿದರೆ ಟ್ಯಾಬ್‌ನ ಮೇಲಿನ ಅರ್ಧಕ್ಕೆ, ಸರಿಯಾಗಿ ನನ್ನ ವಿಡಿಯೋ ಇದ್ದ ಅಳತೆಗೆ, ಅಂಟುಪಟ್ಟಿ ಹಚ್ಚಿದ್ದಾರೆ. ಒಂದರ ಮೇಲೊಂದು, ಸಾಲಾಗಿ, ಹೆಂಚು ಹೊದಿಸಿದಂತೆ.

ಕಲಾವಿದನಿಗೆ ಅವಮಾನವಾಯಿತು. ಮನೆಗೆ ಬಂದವನೇ ವಿಡಿಯೋವನ್ನು ಪುಟದ ಕೆಳಗಿಳಿಸಿ ನಂಬರನ್ನು ಮೇಲಕ್ಕೆ ಒಯ್ದೆ. ಅಕ್ಕಾರಿಗೆ ಹೇಳಲಿಲ್ಲ. ಮಾರನೆಯ ಬೆಳಿಗ್ಗೆ ಪಟ್ಟಿಯ ಹಿಂದೆ ಪಾಳಿಯ ನಂಬರು, ಪಟ್ಟಿಯ ಕೆಳಗೆ ಬಿಡುಗಡೆಯಾದ ಸೂರ್ಯ. ಯಾರ ಪಾಳಿ ಬಂದಿದೆಯೆಂದು ಯಾರಿಗೂ ತಿಳಿಯದೆ ಮೂರು ಮಂದಿ ಒಟ್ಟಿಗೆ ಡಾಕ್ಟರ ಬಾಗಿಲಿಗೆ ನುಗ್ಗಿದರು. ಮೂವರ ಪಾಪೆಯೂ ಅಗಲವಾಗಿದ್ದರಿಂದ ಒಬ್ಬರನ್ನೊಬ್ಬರು ಗುದ್ದಿಕೊಂಡರು. ನಿವೃತ್ತ ಮಾಸ್ತರರೊಬ್ಬರು ಬಾಗಿಲೆಂದು ತಿಳಿದು ಔಷಧದ ಫ್ರಿಜ್ ತೆರೆದು ಒಳಗೆ ಕಾಲಿಡಲು ಹೋದರಂತೆ. ಇದರಲ್ಲಿ ಸ್ವಲ್ಪ ನಾನು ಸೇರಿಸಿದ್ದಿರಬಹುದು. ಫ್ರಿಜ್ ತೆರೆದದ್ದು ಮಾತ್ರ ಖರೆ.

ನಾನು ಓಡಿ ಹೋದಾಗ ಅಕ್ಕಾರು ಪಟ್ಟಿಗಳನ್ನು ಒಂದೊಂದಾಗಿ ಕಿತ್ತು ಕೆಳಗೆ ಹಚ್ಚುತ್ತಿದ್ದರು.

"ನೀ ಮ್ಯಾಲ ಹಾಕಿದ್ರ ನಾ ಮ್ಯಾಲ ಹಚ್ಚತೇನಿ. ಕೆಳಗ ಹಾಕಿದ್ರ ಕೆಳಗ ಹಚ್ಚತೇನಿ," ಎಂದರು ನನ್ನ ಕಡೆ ನೋಡದೆ. "ನನ್ನ ಕಡೆ ಪಟ್ಟಿ ಭಾಳ ಅದಾವು."

ಈ ನಡುವೆ ಅವರು ವಾರಕ್ಕೊಮ್ಮೆ ಗರಗಕ್ಕೆ ಫೋನ್ ಮಾಡುತ್ತಿದ್ದರು. ಸೊಸೆ ಎತ್ತುತ್ತಿದ್ದಳು. ಹಿಂದಿನಿಂದ ಅವ್ವನ ದನಿ ನನಗೂ ಕೇಳುತ್ತಿತ್ತು: "ಆ ಬೆಂಕಿ ಖೋಲಿಗೆ ನಾ ಬರೂದಿಲ್ಲಂತ ಹೇಳ ಆಕಿಗೆ!" ಅಕ್ಕಾರು "ಆತು, ಬರೂ ವಾರ ಮಾಡ್ತೇನಿ" ಎಂದು ಇಡುತ್ತಿದ್ದರು.

ಆ ತಿಂಗಳು ನನಗೆ ತಲೆನೋವು ಶುರುವಾಯಿತು. ಪಾಪದ ಫಲ ಎಂದು ನಮ್ಮವ್ವ ಹೇಳಿದಳು, ಚಷ್ಮಾ ಬೇಕಾಗಬಹುದು ಎಂದು ಡಾಕ್ಟರು ಹೇಳಿದರು. ಹನಿ ಹಾಕಿಸಿಕೊಂಡು ಬಾ ಎಂದು ಚೀಟಿ ಬರೆದರು. ಚೀಟಿ ನೋಡಿದ ಅಕ್ಕಾರ ಮುಖದಲ್ಲಿ ನಾನು ಅದುವರೆಗೆ ಕಾಣದ ಒಂದು ನಗೆ ಬಂತು.

"ಬಾ ಇಂಜಿನಿಯರ್ ಸಾಹೇಬಾ. ಉರಿತೈತಿ. ಒಂದು... ಎರಡು..."

ಮೂರು ನಾನೇ ಎಣಿಸಿಕೊಂಡೆ. ಗರಗದ ಅವ್ವ ಕೂತಿದ್ದ ಕುರ್ಚಿಯಲ್ಲೇ ಕೂರಿಸಿದರು. ಅರ್ಧ ತಾಸಾಯಿತು. ನನ್ನ ಕೈಯ ಗೆರೆ ನನಗೆ ಕಾಣದಾಯಿತು. ಅಕ್ಕಾರು ಬಂದು ಟ್ಯಾಬ್‌ನ ಪಟ್ಟಿಗಳನ್ನು ಪರ್ ಪರ್ ಎಂದು ಕಿತ್ತರು.

"ಈಗ ನೋಡು ನಿನ್ನ ಚಿತ್ರಾ."

ಯಾರೋ ಸರ್ಕಲ್ಲಿನಲ್ಲಿ ಉರಿಯುವ ಹೈಮಾಸ್ಟ್ ದೀಪವನ್ನು ಕಿತ್ತು ತಂದು ನನ್ನ ಮೂಗಿನ ಮೇಲೆ ನಿಲ್ಲಿಸಿದ ಹಾಗಾಯಿತು. ಸುತ್ತಲಿನ ಪುಟ ಕಪ್ಪಗೆ, ನಂಬರ್ ಬೂದಿ ಬಣ್ಣಕ್ಕೆ, ನಡುವೆ ಅದೊಂದು ಮಾತ್ರ ಧಗಧಗ. ನಾನು ಆಸ್ಪತ್ರೆಗೆ ಕೇಳುವಂತೆ "ಯವ್ವಾ!" ಎಂದು ಕೂಗಿದೆ.

ಪಕ್ಕದ ಕುರ್ಚಿಯ ಹಿರಿಯರು, "ಪಾಪ, ಹೊಸಾ ಪೇಶಂಟ್ ಕಾಣತೈತಿ," ಎಂದರು.

"ಅಲ್ರಿ," ಎಂದರು ಅಕ್ಕಾರು, "ಇದನ್ನ ಮಾಡಿದಾಂವ ಇಂವನ."

ಹಿರಿಯರು, "ಹಂಗಾರ ಇನ್ನೊಂದ್ ಸ್ವಲ್ಪ ತೋರಸ್ರಿ," ಎಂದರು.

ಆ ದಿನ ಸ್ಕೂಟಿ ಅಲ್ಲೇ ಬಿಟ್ಟು ಕರ್ಚೀಫು ಕಟ್ಟಿಕೊಂಡು ಆಟೋದಲ್ಲಿ ಮನೆಗೆ ಹೋದೆ. ಮಾರನೆಯ ದಿನ ಕಣ್ಣು ತಿಳಿಯಾದ ಮೇಲೆ ಜೀವನದಲ್ಲಿ ಮೊದಲ ಬಾರಿಗೆ ನನ್ನ ಕೆಲಸದ ಬಗ್ಗೆ ಕೂತು ಓದಿದೆ. ಅಕ್ಕಾರು ಹೇಳಿದ್ದು ಅಕ್ಷರಶಃ ಸರಿಯಿತ್ತು. ಸಾಮಾನ್ಯ ಚಿತ್ರಕ್ಕೆ ಪುಟದ ಬಿಳಿಯೇ ಕೊನೆ, ಅದಕ್ಕಿಂತ ಮೇಲೆ ಹೋಗಲಾರದು. ಈಗಿನ ಫೋನುಗಳು ತೆಗೆಯುವ ಎಚ್‌ಡಿಆರ್ ವಿಡಿಯೋಕ್ಕೆ ಆ ಬಿಳಿಯನ್ನೂ ದಾಟಿ ಹೋಗುವ ಪರವಾನಗಿ ಇರುತ್ತದೆ. ಟ್ಯಾಬ್‌ನ ಬೆಳಕು ತಗ್ಗಿಸಿದರೆ ಪುಟದ ಬಿಳಿ ಕೆಳಗಿಳಿಯುತ್ತದೆ. ಪರದೆಗೆ ಇನ್ನೂ ಉರಿಯುವ ಶಕ್ತಿ ಉಳಿದಿರುತ್ತದೆ, ವಿಡಿಯೋ ಅದನ್ನು ಬಳಸಿಕೊಳ್ಳುತ್ತದೆ. ಹಾಗಾಗಿ ತಗ್ಗಿಸಿದಷ್ಟೂ ಅಕ್ಷರಕ್ಕೂ ಸೂರ್ಯನಿಗೂ ನಡುವಿನ ಅಂತರ ಬೆಳೆಯುತ್ತಿತ್ತು. ನನ್ನ ಲ್ಯಾಪ್‌ಟಾಪ್‌ಗೆ ಆ ಶಕ್ತಿಯೇ ಇಲ್ಲದ್ದರಿಂದ ಅದು ಸಭ್ಯಸ್ಥನಂತೆ ಕೂತಿತ್ತು.

ಇದಕ್ಕೆ ಪುಟ ಕಟ್ಟುವವನು ಒಂದೇ ಒಂದು ಸಾಲು ಬರೆದರೆ ಸಾಕಂತೆ. ಎಷ್ಟು ಬೇಕಾದರೂ ಉರಿ ಎನ್ನಬಹುದು, ಬಿಳಿಗಿಂತ ತುಸು ಮಾತ್ರ ಮೇಲೆ ಹೋಗು ಎನ್ನಬಹುದು, ಇಲ್ಲವೇ ಬಿಳಿಯ ಮೇಲೆ ಹೆಜ್ಜೆ ಇಡಬೇಡ ಎನ್ನಬಹುದು. ಏನೂ ಹೇಳದಿದ್ದರೆ ಬೇಕಾದಷ್ಟು ಉರಿ ಎಂದೇ ಲೆಕ್ಕ. ನಾನು ಏನೂ ಹೇಳಿರಲಿಲ್ಲ, ಏಕೆಂದರೆ ಹೇಳಬಹುದು ಎನ್ನುವುದೇ ಗೊತ್ತಿರಲಿಲ್ಲ.

ಮೂರನೆಯದನ್ನು ಬರೆದೆ. ಏನೂ ಆಗಲಿಲ್ಲ! ಸೂರ್ಯ ಹಾಗೇ ಉರಿಯುತ್ತಿದ್ದ. ಇಡೀ ಮಧ್ಯಾಹ್ನ ತಲೆ ಕೆರೆದುಕೊಂಡ ಮೇಲೆ ತಿಳಿಯಿತು, ಟ್ಯಾಬ್‌ನಲ್ಲಿದ್ದ ಬ್ರೌಸರ್ ಹಳೆಯದು, ಈ ಸಾಲು ಅದಕ್ಕೆ ಅರ್ಥವೇ ಆಗುತ್ತಿರಲಿಲ್ಲ. ಅದನ್ನು ಅಪ್‌ಡೇಟ್ ಮಾಡಿದ ಕೂಡಲೇ ಸೂರ್ಯ ಇಳಿದ. ಒಗೆದು ಒಣಗಿಸಿದ ಬಿಳಿ ಧೋತರದಷ್ಟು ಬಿಳಿ, ಅದಕ್ಕಿಂತ ಹೆಚ್ಚಿಲ್ಲ.

ಮ್ಯಾನೇಜರ್ ಸಾಹೇಬರು ಖೋಲಿಗೆ ಬಂದು, "ಮಿಂಚ ಹೋತಲ್ಲೋ!" ಎಂದು ಹೌಹಾರಿದರು.

"ಸರ್, ನಿಮ್ಮ ವೆಬ್‌ಸೈಟಿನ ಮೊದಲ ಪುಟದಾಗ ತುಸು ಮಿಂಚ್ಲಿ," ಎಂದರು ಅಕ್ಕಾರು. "ನನ್ನ ಖೋಲ್ಯಾಗಿನ ಪುಟದಾಗ ಏನೂ ಬಿಳಿಗಿಂತ ಮ್ಯಾಲ ಹೋಗಬಾರ್ದು. ಯಾರದರ ಇರ್ಲಿ."

ಮ್ಯಾನೇಜರ್ ಸಾಹೇಬರು ನನ್ನನ್ನು ನೋಡಿದರು. ನಾನು ಫ್ರಿಜ್ ನೋಡಿದೆ.

ಇಷ್ಟಾದರೂ ಅಕ್ಕಾರು ಟ್ಯಾಬ್‌ಗೆ ಮತ್ತೆ ಪಟ್ಟಿ ಹಚ್ಚಿಟ್ಟರು. ಕೇಸ್‌ಪೇಪರೂ ಟ್ರೇ ಕೆಳಗೇ ಇತ್ತು. ಗರಗಕ್ಕೆ ಮತ್ತೆ ಫೋನ್ ಹಚ್ಚಿದರು. ಈ ಸಲ ಸೊಸೆಗೆ, ಅವ್ವನ ಕೈಗೇ ಫೋನ್ ಕೊಡು ಎಂದರು.

"ಯವ್ವಾ, ತಪ್ಪ ನಮ್ದ ಆಗಿತ್ತು. ನಿನ್ನ ಕಣ್ಣಿನ ತಪ್ಪಲ್ಲ, ಹನಿದೂ ತಪ್ಪಲ್ಲ. ತಪ್ಪ ಮಾಡಿದಾಂವನ್ನ ನಿನ್ನ ಬಾಜೂಕ ಕುಂಡ್ರಸ್ತೇನಿ, ಬಾ. ಅವಂಗೂ ಹನಿ ಹಾಕಿದ್ದೆ. ನಿನ್ನಕಿಂತ ಜೋರ ಒದರ್ಯಾನ."

ಆ ಕಡೆಯಿಂದ ಅವ್ವ ಕೇಳಿದಳು: "ಖರೇನ ಒದರ್ಯಾನ?"

ಬಂದಳು. ಕಣ್ಣು ತೋರಿಸಲು ಬಂದಳೋ ನನ್ನನ್ನು ನೋಡಲು ಬಂದಳೋ ಹೇಳುವುದು ಕಷ್ಟ. ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

"ಇಂವನ? ನಾ ಯಾರೋ ದೊಡ್ಡ ಮನಶಾ ಇರಬೇಕಂತ ಮಾಡಿದ್ದೆ."

"ನಾನೂ ಹಂಗ ಮಾಡಿದ್ದೆ ಯವ್ವಾ," ಎಂದೆ.

ಅಕ್ಕಾರು ಹನಿ ಹಾಕಿದರು. ಹಾಕಿದ ಕೂಡಲೇ ಅವ್ವ ಸೆರಗು ಪೂರಾ ಮುಖದ ಮೇಲೆ ಎಳೆದುಕೊಂಡು ಕುರ್ಚಿಯ ಕೈ ಬಿಗಿ ಹಿಡಿದು ಕೂತಳು. ಸೆರಗು ತೆಗೆ ಎಂದು ಅಕ್ಕಾರು ಹೇಳಲಿಲ್ಲ. ಸೊಸೆ ಹೇಳಲು ಹೋದರೆ ಅವಳ ಮೊಣಕಾಲು ತಟ್ಟಿ ಸುಮ್ಮನಾಗಿಸಿದರು. ಮುಕ್ಕಾಲು ತಾಸು ಕಳೆಯಿತು. ಆಮೇಲೆ ಅಕ್ಕಾರು ಎದ್ದು ಟ್ಯಾಬ್ ಹತ್ತಿರ ಹೋದರು.

"ಯವ್ವಾ, ಪಟ್ಟಿ ತಗೀತೇನಿ."

ಕಿತ್ತರು. ನಂಬರಿನ ಕೆಳಗೆ ವಿಡಿಯೋ ಓಡುತ್ತಿತ್ತು. ಗೇಟು ಬಂತು, ಗಿಡ ಬಂತು. ಇನ್ನು ಗಾಜಿನ ಗೋಡೆ, ಅದರ ಹಿಂದೆಯೇ ಸೂರ್ಯ. ಇವಳು ಈಗ ಎದ್ದು ಹೋದರೆ ಮತ್ತೆ ಬರುವುದಿಲ್ಲ. ಅದನ್ನು ಯಾವ ಸಾಲು ಬರೆದೂ ತಿದ್ದಲು ಬರುವುದಿಲ್ಲ. ಸೂರ್ಯ ಬಂದ, ಹೋದ. ಮತ್ತೊಂದು ಸುತ್ತು ಬಂದ, ಹೋದ. ಸೆರಗು ಅಲುಗಲಿಲ್ಲ.

ಸೆರಗಿನ ಒಳಗಿಂದ ದನಿ ಬಂತು.

"ಹದಿನೇಳ ಅಂತ ಬಂತಲ್ಲ. ನಂದ ಅಲ್ಲೇನ?"

ಸೊಸೆ ಗಡಬಡಿಸಿ ಚೀಟಿ ನೋಡಿದಳು. ಹದಿನೇಳೇ. ತೆಳು ಸೆರಗಿನ ಸಂದಿಯಿಂದ ಅವ್ವ ಎಷ್ಟು ಹೊತ್ತಿನಿಂದ ನೋಡುತ್ತಿದ್ದಳೋ.

ಅಕ್ಕಾರು ಟ್ರೇ ಎತ್ತಿ ಕೇಸ್‌ಪೇಪರ್ ತೆಗೆದು, ಅಂಗೈಯಿಂದ ಮಡಿಕೆ ನೀವಿ, ಸೊಸೆಯ ಕೈಗೆ ಕೊಡದೆ ಅವ್ವನ ಕೈಗೇ ಕೊಟ್ಟರು. ಅವ್ವ ಒಳಗೆ ಹೋದಳು. ಕಣ್ಣಿನ ಹಿಂದೆ ಕಾಯಿಲೆ ಶುರುವಾಗಿತ್ತು. ಈಗ ಬಂದದ್ದು ಛಲೋ ಆಯಿತು, ಇನ್ನೂ ತಡೆಯಬಹುದು ಎಂದರಂತೆ ಡಾಕ್ಟರು. ಅಕ್ಕಾರು ಅದನ್ನು ಕೇಳಿ "ಹೂಂ" ಎಂದು ಮುಂದಿನವರನ್ನು ಕರೆದರು.

"ಉರಿತೈತೇನ್ರಿ?"

"ಉರಿತೈತಿ. ಒಂದು..."

ಅವ್ವ ಅಂದಿನಿಂದ ತಪ್ಪದೆ ಬರುತ್ತಿದ್ದಾಳೆ. ಬರುವ ಸೋಮವಾರ ಮತ್ತೆ ಆಕೆಯ ಪಾಳಿ ಇದೆ. ಈ ಸಲ ಹನಿ ಹಾಕುವವರು ಹೊಸಬರು. ಅಕ್ಕಾರು ಆ ಗೋಡೆಯ ಮೇಲೆ ಫೋಟೋದಲ್ಲಿ ಮಾತ್ರ ಇರುತ್ತಾರೆ. ಮ್ಯಾನೇಜರ್ ಸಾಹೇಬರ ಹೊಸ ಫೋನಿನಲ್ಲಿ ತೆಗೆದ ಫೋಟೋ ಅದು, ಬಿಟ್ಟರೆ ನನ್ನ ಸೂರ್ಯನಿಗಿಂತ ಜೋರಾಗಿ ಉರಿಯುತ್ತದೆ. ಹಾಗಾಗಿ ಅದೂ ಆ ಒಂದು ಸಾಲಿನ ಕೆಳಗೇ ಇದೆ. ಯಾರದರ ಇರಲಿ ಎಂದು ಹೇಳಿದವರೇ ಅವರಲ್ಲವೇ.

ನಿನ್ನೆ ಸಾಹೇಬರಿಗೆ ನಾನೇ ಫೋನ್ ಮಾಡಿದೆ.

"ಸರ್, ಫೋಟೋ ನೋಡಿದೆ. ಸರಿ ಐತ್ರಿ."

"ಎಲ್ಲಿ ಸರಿ ಐತೋ? ಸಪ್ಪಗ ಐತಿ!"

"ಸೋಮವಾರ ನೀವೂ ಡ್ರಾಪ್ಸ್ ಹಾಕ್ಕೊಂಡು ಆ ಖೋಲ್ಯಾಗ ಅರ್ಧ ತಾಸ ಕುಂದರ್ರಿ. ನಿಮ್ಮ ಬಾಜೂಕ ಗರಗದ ಅವ್ವ ಇರ್ತಾಳ. ಆಮ್ಯಾಲೂ ಸಪ್ಪಗ ಕಂಡ್ರ ಅಲ್ಲೇ ನಿಂತ ಬ್ರೈಟ್ ಮಾಡಿ ಕೊಡ್ತೇನ್ರಿ."

"ನೋಡ್ತೀನಿ," ಎಂದರು ಸಾಹೇಬರು.